ಹುತ್ತದ ಉಸಿರು: ಒಂದು ತಿದ್ದುಪಡಿ

2010ರ ರಾಜ್ಯೋತ್ಸವದ ದಿನ, ಊಟಕ್ಕೆ ಮೊದಲು ಉಳಿದಿದ್ದ ಅರ್ಧ ಗಂಟೆಯನ್ನು ತುಂಬಿಸಲು ನಮ್ಮ ಸಂಘದವರು ನನ್ನನ್ನು ವೇದಿಕೆ ಹತ್ತಿಸಿದ್ದರು. ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ಹುತ್ತ. ಡಾರ್ವಿನ್ ಕಡೆ ತೆಗೆದಿದ್ದ ಹತ್ತಾರು ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಾ, ಹುತ್ತವೆಂದರೆ ಅಡುಗೆಮನೆಯ ಹೊಗೆಗೂಡಿನಂತೆ, ಒಳಗಿನ ಬಿಸಿಗಾಳಿ ಮೇಲೇರುತ್ತದೆ, ತಂಪುಗಾಳಿ ಕೆಳಗಿಳಿಯುತ್ತದೆ, ಹೀಗಾಗಿ ಒಳಗೆ ಸದಾ ಒಂದೇ ಹವೆ, ಪ್ರಕೃತಿಯ ಏರ್ ಕಂಡೀಷನರ್ ಎಂದು ಬಹಳ ಗತ್ತಿನಿಂದ ವಿವರಿಸಿದೆ. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಮುಂದಿನ ಸಾಲಿನಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ಕೈ ಎತ್ತಿದ. “ಅಂಕಲ್, ರಾತ್ರಿ ಹೊತ್ತು?”

ರಾತ್ರಿಯೂ ಹಾಗೇ ಮರಿ, ಎಂದೆ. ಹೋಳಿಗೆಯ ವಾಸನೆ ಬರುತ್ತಿತ್ತು. ಸಭೆ ಮುಗಿಯಿತು.

ನನ್ನ ಉತ್ತರ ತಪ್ಪು. ಉತ್ತರ ಮಾತ್ರವಲ್ಲ, ಅಂದು ನಾನು ಹೇಳಿದ ಏರ್ ಕಂಡೀಷನರ್ ಕಥೆಯಲ್ಲೂ ಅರ್ಧಕ್ಕಿಂತ ಹೆಚ್ಚು ತಪ್ಪು. ಇದನ್ನು ಪೂರ್ತಿಯಾಗಿ ತಿಳಿದುಕೊಂಡಿದ್ದು ಕೆಲಸದಿಂದ ನಿವೃತ್ತನಾದ ಮೇಲೆ, ಓದಲು ಬಿಡುವು ಸಿಕ್ಕಾಗ. ಮೂವತ್ತು ವರ್ಷ ಅರಿವಳಿಕೆ ತಜ್ಞನಾಗಿ ಬೇರೆಯವರ ಉಸಿರಾಟ ನೋಡಿಕೊಂಡವನು ನಾನು. ಉಸಿರಾಟದ ವಿಷಯದಲ್ಲೇ ಹೀಗೆ ಎಡವಿದೆನಲ್ಲ ಎಂಬ ನಾಚಿಕೆ ಇದೆ. ಆದ್ದರಿಂದ ಈ ಸಲದ ಸಂಚಿಕೆಗೆ ಸಂಪಾದಕರು ಲೇಖನ ಕೇಳಿದಾಗ ಬೇರೆ ವಿಷಯ ಹುಡುಕಲಿಲ್ಲ. ಆ ಹುಡುಗ ಈಗ ಇಪ್ಪತ್ತರ ನಡುವಿನ ಯುವಕ, ಮೆಲ್ಬರ್ನ್‌ನಲ್ಲಿದ್ದಾನಂತೆ. ಅವನಿಗೆ ಒಂದು ಪ್ರತಿ ತಲುಪಲಿ.

ಮೊದಲು ಕಟ್ಟುವವರ ವಿಷಯ. ಗೆದ್ದಲನ್ನು ನಾವು ‘ಬಿಳಿ ಇರುವೆ’ ಎನ್ನುವುದುಂಟು, ಆದರೆ ಅದಕ್ಕೂ ಇರುವೆಗೂ ನೆಂಟಸ್ತನವಿಲ್ಲ. ಇರುವೆ ಕಣಜದ ಬಳಗ, ಗೆದ್ದಲು ಜಿರಳೆಯ ಬಳಗ. ಗೆದ್ದಲಿನ ಚರ್ಮ ತೀರ ತೆಳು. ಒಣಗಾಳಿಗೆ ತೆರೆದಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೀರಾರಿ ಸಾಯುತ್ತದೆ. ಕೆಲಸಗಾರ ಗೆದ್ದಲುಗಳಿಗೆ ಕಣ್ಣೂ ಇಲ್ಲ. ಬಿಸಿಲು, ಗಾಳಿ, ಇರುವೆ ಮೂರೂ ಅದಕ್ಕೆ ಶತ್ರುಗಳು. ಹಾಗಾಗಿ ಹೊರಗೆ ಓಡಾಡುವಾಗಲೂ ಮಣ್ಣಿನ ಸುರಂಗದೊಳಗೇ ಓಡಾಟ. ಗೋಡೆಯ ಮೇಲೆ, ತೆಂಗಿನ ಬುಡದಲ್ಲಿ ನಾವು ಕಾಣುವ ಮಣ್ಣಿನ ಗೆರೆ ಅದೇ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ನಮ್ಮಲ್ಲಿದೆ. ಗಾದೆ ಸುಳ್ಳಲ್ಲ, ಆದರೆ ಹಾವು ಸೇರುವುದು ಬಹುಮಟ್ಟಿಗೆ ಪಾಳುಬಿದ್ದ ಹುತ್ತಕ್ಕೆ, ಇಲ್ಲವೇ ಹುತ್ತದ ಪಾಳುಬಿದ್ದ ಮೂಲೆಗೆ. ನಮ್ಮ ಕಡೆಯ ತೋಟ, ಬೀಳುಗಳಲ್ಲಿ ಏಣುಏಣಾಗಿ ಎದ್ದು ನಿಂತಿರುವ ಹುತ್ತ ಬದುಕಿರುವವರೆಗೆ ಅದರ ಮೈಯಲ್ಲಿ ಒಂದು ತೂತೂ ತೆರೆದಿರುವುದಿಲ್ಲ. ತೂತು ಬಿದ್ದರೆ ಗೆದ್ದಲು ಕೂಡಲೇ ಬಂದು ಮುಚ್ಚುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳುಗಳನ್ನು ಹೊರಬಿಡಲು ಮಾತ್ರ ಬಾಗಿಲು ತೆರೆಯುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಇಲ್ಲಿಯೇ ವೈದ್ಯನಾದವನಿಗೆ ಪ್ರಶ್ನೆ ಏಳಬೇಕು. ಕಿಟಕಿ ಬಾಗಿಲಿಲ್ಲದ ಮನೆಯಲ್ಲಿ ಲಕ್ಷಗಟ್ಟಲೆ ಜೀವ. ಸಾಲದೆಂಬಂತೆ ನಮ್ಮ ಕಡೆಯ ಗೆದ್ದಲು ಒಳಗೆ ಅಣಬೆಯ ಬೇಸಾಯವನ್ನೂ ಮಾಡುತ್ತದೆ. ತಾನು ತಂದ ಕಡ್ಡಿ, ಒಣ ಎಲೆಯನ್ನು ಅಗಿದು ಹಾಕಿದ ಮಲದಿಂದ ಸ್ಪಂಜಿನಂಥ ಗುಡ್ಡೆ ಕಟ್ಟಿ, ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಸುತ್ತದೆ. ಮರದ ಗಡಸು ಅಂಶವನ್ನು ಕರಗಿಸುವ ಕೆಲಸ ಶಿಲೀಂಧ್ರದ್ದು, ಕರಗಿದ್ದನ್ನು ತಿನ್ನುವುದು ಗೆದ್ದಲು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ, ನಮ್ಮವ್ವ ಉಪ್ಪು ಖಾರ ಹಾಕಿ ಹುರಿಯುತ್ತಿದ್ದ ಆ ಅಣಬೆ, ಈ ತೋಟದ್ದೇ ಫಸಲು. ಗೆದ್ದಲೂ ಉಸಿರಾಡಬೇಕು, ಶಿಲೀಂಧ್ರವೂ ಉಸಿರಾಡಬೇಕು. ಎರಡೂ ಸೇರಿದರೆ ಒಂದು ದೊಡ್ಡ ಹುತ್ತಕ್ಕೆ ಬೇಕಾಗುವ ಆಮ್ಲಜನಕ ದೊಡ್ಡ ಸಾಕುಪ್ರಾಣಿಯೊಂದಕ್ಕೆ ಬೇಕಾಗುವಷ್ಟು. ಬಾಗಿಲಿಲ್ಲದ ಮಣ್ಣಿನ ಕೋಣೆಯಲ್ಲಿ ಒಂದು ಆಡನ್ನು ಕಟ್ಟಿ ಬೀಗ ಹಾಕಿದರೆ ಏನಾದೀತು? ಹುತ್ತದಲ್ಲಿ ಹಾಗೇಕೆ ಆಗುವುದಿಲ್ಲ?

ಈ ಪ್ರಶ್ನೆಗೆ ಮೊದಲ ಪ್ರಸಿದ್ಧ ಉತ್ತರ ಕೊಟ್ಟವನು ಸ್ವಿಟ್ಜರ್‌ಲೆಂಡಿನ ಮಾರ್ಟಿನ್ ಲೂಷರ್. ಆಫ್ರಿಕಾದ ಐವರಿ ಕೋಸ್ಟ್‌ನ ಹುತ್ತಗಳನ್ನು ಅಳೆದು 1961ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ. ಗೂಡಿನೊಳಗಿನ ಜೀವಿಗಳ ಮೈಶಾಖದಿಂದ ಗಾಳಿ ಬಿಸಿಯಾಗಿ ನಡುವಿನ ಕೊಳವೆಯಲ್ಲಿ ಏರುತ್ತದೆ. ಮೇಲೆ ಹೋಗಿ ಹುತ್ತದ ಹೊರಮೈಯ ಏಣುಗಳಲ್ಲಿರುವ ಸಣ್ಣ ಕೊಳವೆಗಳಿಗೆ ಹಂಚಿಹೋಗುತ್ತದೆ. ಅಲ್ಲಿ ತೆಳುಗೋಡೆಯ ಮೂಲಕ ಕೆಟ್ಟಗಾಳಿ ಹೊರಸೂಸಿ ಒಳ್ಳೆಯ ಗಾಳಿ ಒಳಬರುತ್ತದೆ. ತಣ್ಣಗಾದ ಗಾಳಿ ನೆಲಮಾಳಿಗೆಗೆ ಇಳಿದು ಮತ್ತೆ ಗೂಡು ಸೇರುತ್ತದೆ. ಒಂದೇ ದಿಕ್ಕಿನ ಸುತ್ತು, ಹಗಲೂ ರಾತ್ರಿ.

ಕಥೆ ಎಷ್ಟು ಚೆನ್ನಾಗಿದೆ ನೋಡಿ. ಚೆನ್ನಾಗಿದ್ದುದರಿಂದಲೇ ಎಲ್ಲ ಪುಸ್ತಕಗಳಿಗೂ ಹೋಯಿತು. ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಹುತ್ತದಿಂದ ಸ್ಫೂರ್ತಿ ಪಡೆದು ವಿನ್ಯಾಸ ಮಾಡಿದ ಈಸ್ಟ್‌ಗೇಟ್ ಎಂಬ ಕಟ್ಟಡ 1996ರಲ್ಲಿ ತೆರೆಯಿತು, ಮಾಮೂಲಿ ಏರ್ ಕಂಡೀಷನಿಂಗ್ ಇಲ್ಲದೆ ಇಂದಿಗೂ ನಡೆಯುತ್ತಿದೆ. ಕಟ್ಟಡ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹುತ್ತ ಕೆಲಸ ಮಾಡುವ ರೀತಿ ಬೇರೆ ಎಂದು ಆಮೇಲೆ ಗೊತ್ತಾಯಿತು. ತಪ್ಪು ತಿಳಿವಳಿಕೆಯಿಂದ ಸರಿಯಾದ ಕಟ್ಟಡ ಎದ್ದಿದ್ದು ನನಗಂತೂ ಬಹಳ ಇಷ್ಟವಾದ ಸಂಗತಿ. ವೈದ್ಯಕೀಯದಲ್ಲೂ ಇಂಥವು ಸಾಕಷ್ಟಿವೆ.

ಲೂಷರನ ಕಥೆಯನ್ನು ಅಲುಗಾಡಿಸಿದವನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಸ್ಕಾಟ್ ಟರ್ನರ್. ಉತ್ತರ ನಮೀಬಿಯಾದ ದೊಡ್ಡ ಹುತ್ತಗಳಿಗೆ ಇವನು ಪ್ರೊಪೇನ್ ಅನಿಲವನ್ನು ಸ್ವಲ್ಪಸ್ವಲ್ಪ ಬಿಟ್ಟು, ಅದು ಎಲ್ಲಿಂದೆಲ್ಲಿಗೆ ಹೋಗುತ್ತದೆಂದು ಪತ್ತೆಹಚ್ಚಿದ. ರೋಗಿಗೆ ವಿಕಿರಣದ ಗುರುತಿಟ್ಟ ಅನಿಲ ಕುಡಿಸಿ ನಾವು ಶ್ವಾಸಕೋಶದ ಸ್ಕ್ಯಾನ್ ಮಾಡುತ್ತೇವಲ್ಲ, ಅದೇ ಉಪಾಯ. ಹುತ್ತಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಮಣ್ಣನ್ನೆಲ್ಲ ತೊಳೆದು, ಒಳಗಿನ ಕೊಳವೆಗಳ ಅಚ್ಚನ್ನೂ ತೆಗೆದ. ಆ ಅಚ್ಚಿನ ಚಿತ್ರ ನೋಡಿದಾಗ, ಅಂಗರಚನಾ ಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದ ಶ್ವಾಸನಾಳಗಳ ಅಚ್ಚು ನೆನಪಾಯಿತು. ಹೆಬ್ಬೆರಳ ಗಾತ್ರದಿಂದ ಶುರುವಾಗಿ ಕವಲೊಡೆಯುತ್ತಾ ಕವಲೊಡೆಯುತ್ತಾ ಸಣ್ಣದಾಗುವ ಅದೇ ಮರ.

ಟರ್ನರ್ ಕಂಡದ್ದು ಎರಡು. ಒಂದು, ಆ ಹುತ್ತಗಳಲ್ಲಿ ಗೂಡಿನ ಉಷ್ಣಾಂಶ ಸ್ಥಿರವಾಗಿರುವುದೇ ಇಲ್ಲ. ಗೂಡು ನೆಲದಡಿಯಲ್ಲಿರುತ್ತದೆ, ಸುತ್ತಲಿನ ನೆಲ ಚಳಿಗಾಲಕ್ಕೆ ತಣ್ಣಗಾದರೆ ಅದೂ ತಣ್ಣಗಾಗುತ್ತದೆ, ಬೇಸಗೆಗೆ ಬೆಚ್ಚಗಾಗುತ್ತದೆ. ದಿನದ ಏರಿಳಿತ ಕಾಣದಿರುವುದು ಮಣ್ಣಿನ ದಪ್ಪದಿಂದ, ನಮ್ಮ ಹಗೇವಿನೊಳಗೆ ರಾಗಿ ಹಾಳಾಗದೆ ಇರುತ್ತಿದ್ದ ಹಾಗೆ. ಹಾಗಾದರೆ ಮೇಲಿನ ಗೋಪುರ ಏಕೆ? ಅದು ಮನೆಯಲ್ಲ, ಶ್ವಾಸಕೋಶ. ಇದು ಎರಡನೆಯದು. ಅಲ್ಲಿ ಗಾಳಿಯನ್ನು ಕದಡುವುದು ಹೊರಗೆ ಬೀಸುವ ಗಾಳಿ. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಬಿಟ್ಟುಬಿಟ್ಟು ಬೀಸುತ್ತದೆ. ಆ ಅಲುಗಾಟ ತೂತುತೂತಾದ ಗೋಡೆಯ ಮೂಲಕ ಒಳಗಿನ ಗಾಳಿಯನ್ನು ಹಿಂದೆ ಮುಂದೆ ತೂಗುತ್ತದೆ.

ಇದು ಅರ್ಥವಾಗಲು ಒಂದು ಆಸ್ಪತ್ರೆಯ ಮಾತು ಹೇಳಬೇಕು. ನಾವು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಕೊಳವೆಗಳಲ್ಲೇ ಉಳಿದು ವಾಯುಕೋಶ ಮುಟ್ಟದೆ ಹಿಂದಿರುಗುತ್ತದೆ. ಅಂದಮೇಲೆ ಒಂದು ಉಸಿರು 150ಕ್ಕಿಂತ ಕಡಿಮೆಯಿದ್ದರೆ ಮನುಷ್ಯ ಬದುಕಲಾರ ಎಂದು ತೋರುತ್ತದಲ್ಲವೇ? ಆದರೆ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬಳಸುವ ಒಂದು ಬಗೆಯ ವೆಂಟಿಲೇಟರ್ ಇದೆ. ಅದು ಸೆಕೆಂಡಿಗೆ ಹತ್ತು ಹದಿನೈದು ಸಲ ಅದುರುತ್ತದೆ. ಪ್ರತಿ ಅದುರಿನಲ್ಲೂ ಹೋಗುವ ಗಾಳಿ, ಆ ಕೂಸಿನ ಕೊಳವೆಗಳನ್ನು ತುಂಬಲೂ ಸಾಲದಷ್ಟು. ಎದೆ ಏರಿಳಿಯುವುದಿಲ್ಲ, ನಡುಗುತ್ತದೆ ಅಷ್ಟೆ. ಆದರೂ ಕೂಸು ಕೆಂಪಗಾಗುತ್ತದೆ. ಗಾಳಿ ಹರಿದುಹೋಗದಿದ್ದರೂ ಕಲಕುತ್ತದೆ, ಕಲಕಿದ್ದರಿಂದಲೇ ಆಮ್ಲಜನಕ ಒಳಗೂ ಇಂಗಾಲದ ಡೈಆಕ್ಸೈಡ್ ಹೊರಗೂ ದಾಟುತ್ತವೆ. ಮೊದಲ ಸಲ ಈ ಯಂತ್ರ ನೋಡಿದಾಗ ನಾನು ನಂಬಿರಲಿಲ್ಲ. ನಮೀಬಿಯಾದ ಹುತ್ತದ ಉಸಿರಾಟವನ್ನೂ ಟರ್ನರ್ ಇದಕ್ಕೇ ಹೋಲಿಸುತ್ತಾನೆ. ಗಾಳಿ ಸುತ್ತು ಹೊಡೆಯಬೇಕಾಗಿಲ್ಲ, ಕಲಕಿದರೆ ಸಾಕು.

ಇಷ್ಟಾದರೂ ಆ ಹುಡುಗನ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಬಂದದ್ದು ಎಲ್ಲಿಂದ ಬಲ್ಲಿರಾ? ನಮ್ಮ ಬೆಂಗಳೂರಿನಿಂದ.

ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಆಕೋ, ಎಲ್. ಮಹದೇವನ್ ಎಂಬ ಮೂವರು ಭೌತವಿಜ್ಞಾನದ ಕಡೆಯವರು ಬೆಂಗಳೂರಿನ ಸುತ್ತಮುತ್ತಲ ಹುತ್ತಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಗೆದ್ದಲಿನ ಜಾತಿ ಒಡೊಂಟೊಟರ್ಮಿಸ್ ಒಬೆಸಸ್, ನಾವೆಲ್ಲ ಚಿಕ್ಕಂದಿನಲ್ಲಿ ಕಂಡಿರುವ, ಕೋಟೆಯ ಬುರುಜುಗಳಂತೆ ಏಣೆದ್ದ ಹುತ್ತ ಕಟ್ಟುವುದು ಇದೇ. ಒಳಗಿನ ಗಾಳಿಯ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಅಷ್ಟು ನಿಧಾನದ ಚಲನೆ ಅಳೆಯುವ ಉಪಕರಣವನ್ನು ತಾವೇ ಮಾಡಿಕೊಂಡು, ಏಣಿನೊಳಗಿನ ಕೊಳವೆಗೂ ನಡುವಿನ ದೊಡ್ಡ ಕೊಳವೆಗೂ ತೂರಿಸಿ, ಹಗಲು ರಾತ್ರಿ ಎನ್ನದೆ ಅಳೆದರು.

ಹಗಲು ಬಿಸಿಲು ಬಿದ್ದಾಗ ತೆಳುವಾದ ಏಣುಗಳು ಬೇಗ ಕಾಯುತ್ತವೆ, ದಪ್ಪಗಿನ ನಡುಭಾಗ ಕಾಯುವುದು ತಡ. ಆದ್ದರಿಂದ ಗಾಳಿ ಏಣುಗಳಲ್ಲಿ ಮೇಲೇರಿ ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಹೊಗೆಗೂಡಿನ ಕಥೆಗೆ ಸರಿಯಾಗಿ ತಿರುಗುಮುರುಗು! ರಾತ್ರಿ ಏಣುಗಳು ಬೇಗ ಆರುತ್ತವೆ, ನಡುಭಾಗ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಗ ನಡುವಿನಲ್ಲಿ ಗಾಳಿ ಮೇಲಕ್ಕೆ, ಏಣುಗಳಲ್ಲಿ ಕೆಳಕ್ಕೆ. ಅಂದರೆ ದಿನಕ್ಕೆ ಎರಡು ಸಲ ಗಾಳಿ ದಿಕ್ಕು ಬದಲಿಸುತ್ತದೆ. ಹಗಲೆಲ್ಲ ಗೂಡಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗಿ ಶೇಕಡಾ 5ರ ಆಸುಪಾಸಿಗೆ ಏರುತ್ತದೆ. ರಾತ್ರಿ ಸುತ್ತು ಚುರುಕಾದಾಗ ಇಳಿಯುತ್ತದೆ. ಹೊರಗಿನ ಗಾಳಿಯಲ್ಲಿ ಇದು ಶೇಕಡಾ 0.04, ನಮ್ಮ ವಾಯುಕೋಶಗಳಲ್ಲಿ ಸುಮಾರು 5. ನಮ್ಮ ಶ್ವಾಸಕೋಶದೊಳಗಿನ ಗಾಳಿಯಲ್ಲೇ ಗೆದ್ದಲು ಹಗಲೆಲ್ಲ ಸಂಸಾರ ಮಾಡುತ್ತದೆ ಎಂದಾಯಿತು.

ಇದು ಒಳಗಿನ ಜೀವಿಗಳ ಮೈಶಾಖದಿಂದ ಆಗುವುದಲ್ಲ ಎಂದು ಖಚಿತವಾದದ್ದು ಹೇಗೆ? ಗೆದ್ದಲೇ ಇಲ್ಲದ ಒಂದು ಸತ್ತ ಹುತ್ತವನ್ನೂ ಅವರು ಅಳೆದರು. ಅದರಲ್ಲೂ ಗಾಳಿ ಹಾಗೆಯೇ ದಿಕ್ಕು ಬದಲಿಸುತ್ತಿತ್ತು. ಲೂಷರ್ ಹೇಳಿದ ಒಲೆ ಗೂಡಿನೊಳಗಿಲ್ಲ, ಆಕಾಶದಲ್ಲಿದೆ. ಹಗಲು ರಾತ್ರಿಯ ಬಿಸಿಯ ವ್ಯತ್ಯಾಸವೇ ತಿದಿ. ಹೀಗಿರುವಾಗ, ನೋಡಲು ಅಲಂಕಾರದಂತಿರುವ ಆ ಏಣುಗಳು ಅಲಂಕಾರವಲ್ಲ, ಬೇಗ ಕಾದು ಬೇಗ ಆರಲೆಂದೇ ಇರುವ ಅಂಗ.

ರಾತ್ರಿಯೂ ಹಾಗೇ ಮರಿ, ಎಂದಿದ್ದೆ. ಹಾಗಲ್ಲ ಮರಿ, ರಾತ್ರಿ ತಿರುಗುಮುರುಗು.

ಅಂದಮೇಲೆ ನಮೀಬಿಯಾದಲ್ಲಿ ಗಾಳಿ, ಬೆಂಗಳೂರಿನಲ್ಲಿ ಬಿಸಿಲು. ಯಾರು ಸರಿ ಎಂದು ಕೇಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಗೆದ್ದಲಿನ ಜಾತಿ ಬೇರೆ, ನೆಲ ಬೇರೆ, ಹವೆ ಬೇರೆ. ಒಂದೇ ಜಾತಿಯ ಗೆದ್ದಲೂ ಜಾಗ ಬದಲಾದರೆ ಬೇರೆ ಮನೆ ಕಟ್ಟುತ್ತದೆ ಎಂಬುದಕ್ಕೆ ಐವರಿ ಕೋಸ್ಟ್‌ನ ಕೊಮೊಯೆ ರಾಷ್ಟ್ರೀಯ ಉದ್ಯಾನದಲ್ಲಿ ಒಳ್ಳೆಯ ನಿದರ್ಶನವಿದೆ. ಜರ್ಮನಿಯ ಜುಡಿತ್ ಕೋರ್ಬ್ ಮತ್ತು ಎಡ್ವರ್ಡ್ ಲಿನ್ಸೆನ್‌ಮೈರ್ 1990ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದರು. ಬಯಲಿನ ಹುಲ್ಲುಗಾವಲಿನಲ್ಲಿ ಈ ಗೆದ್ದಲಿನ ಹುತ್ತ ತೆಳುಗೋಡೆಯದು, ಮೇಲೆ ಗೋಪುರಗಳ ಸಾಲು. ಕೂಗಳತೆಯ ದೂರದ ಕಾಡಿನ ನೆರಳಿನಲ್ಲಿ ಅದೇ ಗೆದ್ದಲಿನ ಹುತ್ತ ದಪ್ಪಗೋಡೆಯ ಗುಮ್ಮಟ, ಏಣಿಲ್ಲ, ಗೋಪುರವಿಲ್ಲ. ಕಾಡು ತಂಪು. ಗೂಡಿಗೆ ಬೇಕಾದದ್ದು ಸುಮಾರು 30 ಡಿಗ್ರಿ. ಶಾಖ ಹೊರಹೋಗಬಾರದೆಂದು ಗೋಡೆ ದಪ್ಪ ಮಾಡಬೇಕು. ಆದರೆ ಗೋಡೆ ದಪ್ಪವಾದರೆ ಉಸಿರು ಕಟ್ಟುತ್ತದೆ. ಬೆಚ್ಚಗಿರಬೇಕೋ ಚೆನ್ನಾಗಿ ಉಸಿರಾಡಬೇಕೋ ಎಂಬ ಚೌಕಾಸಿಯಲ್ಲಿ ಕಾಡಿನ ಗೆದ್ದಲು ಬೆಚ್ಚಗಿರುವುದನ್ನು ಆರಿಸಿಕೊಂಡಿದೆ, ಒಂದಿಷ್ಟು ಕೆಟ್ಟಗಾಳಿಯನ್ನು ಸಹಿಸಿಕೊಂಡಿದೆ. ವಿಜ್ಞಾನಿಗಳು ಕಾಡಿನ ಹುತ್ತಗಳ ಸುತ್ತಲ ಮರ ತೆಗೆದು ಬಿಸಿಲು ಬೀಳುವಂತೆ ಮಾಡಿದಾಗ ಗೆದ್ದಲು ಹುತ್ತದ ಆಕಾರವನ್ನೇ ಬಯಲಿನ ಮಾದರಿಗೆ ಬದಲಿಸತೊಡಗಿತು. ನಕ್ಷೆ ಗೆದ್ದಲಿನ ತಲೆಯಲ್ಲಿ ಅಚ್ಚೊತ್ತಿಲ್ಲ, ಅರ್ಧ ನಕ್ಷೆ ಹವೆಯಲ್ಲಿದೆ.

ಈಗ ಆಸ್ಟ್ರೇಲಿಯಾಕ್ಕೆ, ನಾವು ಇರುವ ದೇಶಕ್ಕೆ ಬರೋಣ. ತೊಂಬತ್ತರ ದಶಕದ ಆರಂಭದಲ್ಲಿ ಈ ದೇಶಕ್ಕೆ ಬಂದಾಗ ನನಗೆ ಮೊದಲು ಕೆಲಸ ಸಿಕ್ಕಿದ್ದು ಡಾರ್ವಿನ್‌ನಲ್ಲಿ. ಕನ್ನಡ ಮಾತಾಡಲು ಹೆಂಡತಿಯ ಹೊರತು ಇನ್ನೊಬ್ಬರಿರಲಿಲ್ಲ. ರಜೆಯ ಒಂದು ದಿನ ದಕ್ಷಿಣಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ದೂರದ ಲಿಚ್‌ಫೀಲ್ಡ್ ಉದ್ಯಾನಕ್ಕೆ ಹೋದೆವು. ದೂರದಿಂದ ನೋಡಿದಾಗ ಬಯಲಲ್ಲಿ ಸಾಲುಸಾಲು ಸಮಾಧಿಗಲ್ಲುಗಳು ನಿಂತಂತೆ ಕಂಡಿತು. ನನ್ನವಳು ಕಾರು ಇಳಿಯಲು ಹಿಂದೆಗೆದಳು. ಹತ್ತಿರ ಹೋದರೆ ಹುತ್ತಗಳು! ಒಂದು ಮಗ್ಗುಲಿನಿಂದ ಅಗಲವಾದ ಹಲಗೆ, ಆಳೆತ್ತರಕ್ಕಿಂತ ಎತ್ತರ. ಇನ್ನೊಂದು ಮಗ್ಗುಲಿಗೆ ಬಂದರೆ ಕೊಡಲಿಯ ಅಲಗು. ಎಲ್ಲವೂ ಒಂದೇ ದಿಕ್ಕಿಗೆ, ಉತ್ತರ ದಕ್ಷಿಣವಾಗಿ, ಉತ್ತರದ ತುದಿ ತುಸು ಪೂರ್ವಕ್ಕೆ ಸರಿದಂತೆ ನಿಂತಿವೆ. ಇವುಗಳಿಗೆ ‘ಮ್ಯಾಗ್ನೆಟಿಕ್’ ಹುತ್ತಗಳೆಂದೇ ಹೆಸರು. ಕಟ್ಟುವುದು ಅಮಿಟರ್ಮಿಸ್ ಮೆರಿಡಿಯೊನಾಲಿಸ್ ಎಂಬ ಹುಲ್ಲು ತಿನ್ನುವ ಗೆದ್ದಲು.

ಹೀಗೇಕೆ? ಈ ಬಯಲು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತದೆ. ಬಿಸಿಲಿಗೋ ಚಳಿಗೋ ಬೇರೆ ಗೆದ್ದಲುಗಳು ನೆಲದಡಿಗೆ ಇಳಿದು ತಪ್ಪಿಸಿಕೊಳ್ಳುತ್ತವೆ. ಇವಕ್ಕೆ ಆ ದಾರಿಯಿಲ್ಲ. ವರ್ಷವಿಡೀ ನೆಲದ ಮೇಲಿನ ಹುತ್ತದಲ್ಲೇ ಇರಬೇಕು, ಹುಲ್ಲನ್ನೂ ಅಲ್ಲೇ ಕೂಡಿಡಬೇಕು. ಹಾಗಾಗಿ ಹುತ್ತವನ್ನೇ ಬಿಸಿಲಿಗೆ ತಕ್ಕಂತೆ ನಿಲ್ಲಿಸಿಕೊಂಡಿವೆ. ರಾತ್ರಿ ತಣ್ಣಗಾದ ಹುತ್ತಕ್ಕೆ ಬೆಳಗಿನ ಎಳೆಬಿಸಿಲು ಪೂರ್ವದ ಅಗಲ ಮೈಮೇಲೆ ಪೂರ್ತಿ ಬೀಳುತ್ತದೆ, ಹುತ್ತ ಬೇಗ ಬೆಚ್ಚಗಾಗುತ್ತದೆ. ನಡುಹಗಲಿನ ಉರಿಬಿಸಿಲಿಗೆ ಸಿಕ್ಕುವುದು ಅಲಗಿನ ತೆಳು ಅಂಚು ಮಾತ್ರ. ಇಳಿಹೊತ್ತಿನಲ್ಲಿ ಪಶ್ಚಿಮದ ಮೈ ಬಿಸಿಲು ಕಾಯಿಸಿಕೊಳ್ಳುತ್ತದೆ. ಹೀಗೆ ಬೆಳಿಗ್ಗೆ ಏರಿದ ಉಷ್ಣಾಂಶ ಮಧ್ಯಾಹ್ನ ಇನ್ನೂ ಏರದೆ ಸಂಜೆಯವರೆಗೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗಾರ್ಡನ್ ಗ್ರಿಗ್ ಎಂಬ ಪ್ರಾಣಿಶಾಸ್ತ್ರಜ್ಞ 1970ರ ದಶಕದಲ್ಲಿ ಇಂಥ ಹುತ್ತವನ್ನು ಬುಡದಲ್ಲಿ ಬಿಡಿಸಿ ಪೂರ್ವ ಪಶ್ಚಿಮಕ್ಕೆ ತಿರುಗಿಸಿಟ್ಟು ನೋಡಿದ. ನಡುಹಗಲಲ್ಲಿ ಅದು ಅತಿಯಾಗಿ ಕಾಯಿತು.

ಕಣ್ಣಿಲ್ಲದ ಹುಳಕ್ಕೆ ದಿಕ್ಕು ತಿಳಿಯುವುದು ಹೇಗೆ? ಹುತ್ತದ ತುದಿ ಒಡೆದು, ಆಯಸ್ಕಾಂತದಿಂದ ಸುತ್ತಲಿನ ಕಾಂತಕ್ಷೇತ್ರವನ್ನು ತಿರುಗಿಸಿಟ್ಟಾಗ, ರಿಪೇರಿಯಾದ ಭಾಗದ ಒಳಗೋಡೆಗಳು ಹಳೆಯ ಸಾಲಿಗೆ ಹೊಂದದೆ ಅಸ್ತವ್ಯಸ್ತವಾದವು. ಭೂಮಿಯ ಕಾಂತಶಕ್ತಿ ಅವಕ್ಕೆ ತಿಳಿಯುತ್ತದೆ ಎನ್ನಲು ಇದೇ ಆಧಾರ.

ಲಿಚ್‌ಫೀಲ್ಡಿನಲ್ಲಿ ರಸ್ತೆಯ ಇನ್ನೊಂದು ಬದಿಗೆ, ನೀರು ನಿಲ್ಲದ ಸ್ವಲ್ಪ ಎತ್ತರದ ನೆಲದಲ್ಲಿ, ಬೇರೆ ಗೆದ್ದಲಿನ ಐದಾರು ಮೀಟರ್ ಎತ್ತರದ ಗೋಪುರಗಳಿವೆ. ಅವು ದಿಕ್ಕಿನ ಗೊಡವೆಗೆ ಹೋಗಿಲ್ಲ. ಅವಕ್ಕೆ ಬೇಕೆಂದಾಗ ಕೆಳಗಿಳಿಯಲು ಒಣನೆಲವಿದೆ. ನೆಲ ನಾಲ್ಕು ಅಡಿ ತಗ್ಗಾದರೆ ವಾಸ್ತು ಇಷ್ಟು ಬದಲಾಗುತ್ತದೆ. (ನಮ್ಮವರು ಬ್ರಿಸ್ಬೇನಿನಲ್ಲಿ ಮನೆ ಕೊಳ್ಳುವಾಗ ವಾಸ್ತು ನೋಡುತ್ತಾರೆ, ನದಿಯ ನೆರೆ ನಕ್ಷೆ ನೋಡುವುದಿಲ್ಲ. ಗೆದ್ದಲು ಎರಡನ್ನೂ ನೋಡಿದೆ.)

ಮೇಸ್ತ್ರಿಯಿಲ್ಲದೆ ಕಟ್ಟುತ್ತವೆ ಎಂಬುದನ್ನು ನೀವು ಕೇಳಿರುತ್ತೀರಿ. ರಾಣಿಯ ಕೆಲಸ ದಿನಕ್ಕೆ ಸಾವಿರಾರು ಮೊಟ್ಟೆ ಇಡುವುದು ಮಾತ್ರ, ಅಪ್ಪಣೆ ಕೊಡುವುದಲ್ಲ. ಒಂದು ಹುಳು ಇಟ್ಟ ಮಣ್ಣಿನುಂಡೆಯೇ ಇನ್ನೊಂದು ಹುಳುವಿಗೆ ಮುಂದಿನ ಉಂಡೆ ಇಲ್ಲಿಡು ಎಂಬ ಸೂಚನೆ ಎಂದು ಫ್ರಾನ್ಸಿನ ಗ್ರಾಸೆ 1959ರಲ್ಲೇ ಹೇಳಿದ. ಉಂಡೆಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್, ತೇಜಸ್ ಮೂರ್ತಿ ಮತ್ತವರ ವಿದ್ಯಾರ್ಥಿಗಳು ಮಾಡಿರುವ ಕೆಲಸ ನನಗೆ ಅಚ್ಚುಮೆಚ್ಚು, ಏಕೆಂದರೆ ಒಬ್ಬರು ಪರಿಸರ ವಿಜ್ಞಾನಿ, ಇನ್ನೊಬ್ಬರು ಸಿವಿಲ್ ಎಂಜಿನಿಯರ್. ಗೆದ್ದಲು ಮಣ್ಣಿಗೆ ಜೊಲ್ಲು ಬೆರೆಸಿ, ಅತಿ ಹಸಿಯೂ ಅಲ್ಲದ ಅತಿ ಒಣದೂ ಅಲ್ಲದ ಒಂದು ಹದಕ್ಕೆ ತರುತ್ತದೆ. ರೊಟ್ಟಿ ಹಿಟ್ಟಿನ ಹದ ಎನ್ನೋಣ. ಹೀಗೆ ಕಟ್ಟಿದ ಹುತ್ತದ ಮಣ್ಣು ಪಕ್ಕದ ಸಾದಾ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಗಟ್ಟಿ ಎಂದು ಅವರ ಅಳತೆ. ಅವ್ವ ಹೊಸ ಒಲೆ ಹಾಕಲು ಪಾಳು ಹುತ್ತದ ಮಣ್ಣೇ ಬೇಕೆಂದು ನನ್ನನ್ನು ಮಂಕರಿ ಕೊಟ್ಟು ಕಳಿಸುತ್ತಿದ್ದುದು ಸುಮ್ಮನೆ ಅಲ್ಲ.

ಅವ್ವನ ಮಾತು ಬಂತು. ತಿಪಟೂರಿನ ಕಡೆ ನಮ್ಮ ತೆಂಗಿನ ತೋಟದ ಮೂಲೆಯಲ್ಲಿ ಒಂದು ಹುತ್ತವಿದೆ. ನಾಗರಪಂಚಮಿಗೆ ಅವ್ವ ತನಿ ಎರೆಯುತ್ತಿದ್ದುದು ಅದಕ್ಕೇ. ಚಿಗಳಿ ತಂಬಿಟ್ಟು ಇಟ್ಟು, ಹಾಲು ಹೊಯ್ದು, ಒದ್ದೆ ಮಣ್ಣನ್ನು ನಮ್ಮ ಹಣೆಗೆ ಹಚ್ಚುತ್ತಿದ್ದಳು. ಅವಳು ಹೋಗಿ ಐದು ವರ್ಷವಾಯಿತು. ಕಳೆದ ವರ್ಷ ಬೇಸಗೆಯಲ್ಲಿ ತೋಟ ನೋಡಿಕೊಳ್ಳುವ ನನ್ನ ತಮ್ಮ ಫೋನ್ ಮಾಡಿದ.

“ಅಣ್ಣ, ಆ ಹುತ್ತ ತೆಗ್ಸಾಣ ಅಂತಿದೀನಿ. ಟ್ರಾಕ್ಟರ್ ತಿರುಗ್ಸಕ್ಕೆ ಜಾಗ ಇಲ್ಲ. ಹೊಸಾ ಸಸಿ ಹನ್ನೆರಡು ಇಟ್ಟಿದ್ದೆ, ಐದು ಗೆದ್ದಲಿಗೇ ಹೋದವು.”

ನಾನು ಲೂಷರ್, ಟರ್ನರ್, ಮಹದೇವನ್ ಎಲ್ಲರನ್ನೂ ಹೇಳಿದೆ. ಹುತ್ತದಿಂದ ಮಣ್ಣು ಸಡಿಲವಾಗುತ್ತದೆ, ನೀರು ಇಂಗುತ್ತದೆ ಎಂದೆ. ಅವ್ವನ ಮಾತನ್ನೂ ತೆಗೆದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, “ನಿಮ್ಮನೇಲಿ ಗೆದ್ದಲು ಬಂದ್ರೆ ಏನ್ ಮಾಡ್ತೀಯ?” ಎಂದ.

ಇದಕ್ಕೆ ನಿಜ ಹೇಳಲೇಬೇಕಾಯಿತು. ಬ್ರಿಸ್ಬೇನಿನ ನಮ್ಮ ಮನೆ ಮರದ ಚೌಕಟ್ಟಿನದು. ಪ್ರತಿ ವರ್ಷ ದುಡ್ಡು ಕೊಟ್ಟು ಗೆದ್ದಲಿನ ತಪಾಸಣೆ ಮಾಡಿಸುತ್ತೇನೆ. ಗೆದ್ದಲಿನಿಂದಾದ ಹಾನಿಗೆ ಈ ದೇಶದ ಮನೆವಿಮೆ ಸಾಮಾನ್ಯವಾಗಿ ಕಾಸು ಕೊಡುವುದಿಲ್ಲ. ಒಂದು ಸಲ ಹಿತ್ತಲ ಬೇಲಿಯ ಕಂಬದಲ್ಲಿ ಮಣ್ಣಿನ ಗೆರೆ ಕಂಡಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಾರನೆಯ ದಿನವೇ ವಿಷ ಹಾಕಿಸಿದೆ. ಇಲ್ಲಿ ಕೂತು ಅಲ್ಲಿಯ ಹುತ್ತ ಉಳಿಸು ಎನ್ನುವ ನನ್ನ ಮಾತಿಗೆ ಎಷ್ಟು ಬೆಲೆ? ನಿನಗೆ ಸರಿ ಕಂಡಂತೆ ಮಾಡು ಎಂದೆ.

ಮೂರು ದಿನದ ಮೇಲೆ ಜೆಸಿಬಿ ಬಂತು. ವಾಟ್ಸ್ಆಪ್‌ನಲ್ಲಿ ವಿಡಿಯೋ ಕಳಿಸಿದ. ಮೊದಲ ಎರಡು ಏಟಿಗೆ ಬಕೆಟ್ಟಿನ ಹಲ್ಲು ಜಾರಿತು, ಮೂರನೆಯದಕ್ಕೆ ಗೋಪುರ ಮುರಿಯಿತು. ಒಳಗಿನ ಕೊಳವೆಗಳು ತೆರೆದುಕೊಂಡವು, ನಡುವಿನದು ತೋಳು ತೂರಿಸುವಷ್ಟು ಅಗಲ, ಒಳಮೈ ಸಾರಿಸಿದ ಗೋಡೆಯ ಹಾಗೆ ನುಣುಪು. ನೆಲದ ಮಟ್ಟಕ್ಕೆ ಬಂದಾಗ ಕತ್ತಲಾಯಿತೆಂದು ಡ್ರೈವರ್ ಹೊರಟುಹೋದ. ಗೂಡು ಇನ್ನೂ ಕೆಳಗಿತ್ತು. ಮರುದಿನ ಬರುತ್ತೇನೆಂದವನು ಬೇರೆ ಕಡೆ ಕೆಲಸ ಹಿಡಿದ.

ಒಂಬತ್ತು ದಿನವಾದ ಮೇಲೆ ಬೆಳಿಗ್ಗೆ ತಮ್ಮನಿಂದ ಒಂದು ಫೋಟೋ ಬಂತು. ಚಪ್ಪಟೆಯಾದ ನೆಲದ ಮೇಲೆ ಒಂದು ಮೊರದಗಲ ಜಾಗದಲ್ಲಿ ಕಪ್ಪಗೆ ಒದ್ದೆಯಾದ ಮಣ್ಣಿನ ಗಂಟುಗಳು ಎದ್ದಿದ್ದವು, ಬೆರಳುದ್ದ. ಸುತ್ತ ಒಣನೆಲ ಬಿರುಕು ಬಿಟ್ಟಿತ್ತು, ಮಳೆಯ ಹನಿ ಬಿದ್ದು ತಿಂಗಳಾಗಿತ್ತಂತೆ. ಆ ನೀರನ್ನು ಗೆದ್ದಲು ನೆಲದಾಳದಿಂದ ಹೊಟ್ಟೆಯಲ್ಲಿ ಹೊತ್ತು ತಂದಿರಬೇಕು. ನಾನು ಅವನಿಗೆ, ಬಿಸಿಲೇರುವ ಮುಂಚೆ ದಿನವೂ ಒಂದು ಫೋಟೋ ಕಳಿಸು, ಪಕ್ಕದಲ್ಲಿ ಅಳತೆಗೆ ಒಂದು ಬೆಂಕಿಪೊಟ್ಟಣ ಇಡು ಎಂದೆ. ಇದೇನು ನಿನ್ನ ರೋಗಿಯಾ ಎಂದು ನಕ್ಕ. ಆದರೂ ಕಳಿಸುತ್ತಿದ್ದಾನೆ. ಡ್ರಿಪ್ ಪೈಪನ್ನು ಎರಡು ಮಾರು ಆಚೆಗೆ ಸರಿಸಿದ್ದಾನಂತೆ, ಸದ್ಯಕ್ಕೆ ಮಾತ್ರ ಎಂದು ಒತ್ತಿ ಹೇಳಿದ್ದಾನೆ. ಬೆಂಕಿಪೊಟ್ಟಣದ ಹಿಂದೆ ಗಂಟುಗಳು ಈಗ ಮೊಣಕಾಲೆತ್ತರವಾಗಿವೆ, ಪೂರ್ವದ ಕಡೆ ಮೊದಲ ಏಣು ಕಾಣಿಸಿಕೊಂಡಿದೆ.